ಎತ್ತು ಏರಿಗೆ, ಕೋಣ ನೀರಿಗೆ

ನ್ಯಾಯಶಾಸ್ತ್ರವನ್ನು ಹೊಸದಾಗಿ ಓದಲು ಕೂರುವ ವಿದ್ಯಾರ್ಥಿಗೆ ಮೊದಲು ಎದುರಾಗುವುದು ಒಂದು ಬೆಟ್ಟ, ಒಂದು ಅಡುಗೆಮನೆ ಮತ್ತು ಒಂದು ಕೆರೆ. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದುದರಿಂದ ಅಲ್ಲಿ ಬೆಂಕಿಯಿದೆ ಎಂಬ ತೀರ್ಮಾನಕ್ಕೆ ಬರುವ ಮುನ್ನ, ಹೊಗೆ ಇರುವಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆ ಎಂಬ ಬಿಡದ ನಂಟು ಮನಸ್ಸಿನಲ್ಲಿ ಗಟ್ಟಿಯಾಗಿರಬೇಕು. ಈ ನಂಟಿಗೆ ವ್ಯಾಪ್ತಿ ಎಂದು ಹೆಸರು. ಬೆಂಕಿ ಇದೆಯೋ ಇಲ್ಲವೋ ಎಂಬ ಸಂದೇಹಕ್ಕೆ ಒಳಗಾದ ಬೆಟ್ಟವು ಪಕ್ಷ, ಬೆಂಕಿ ಇರುವುದು ಖಚಿತವಾಗಿ ಗೊತ್ತಿರುವ ಅಡುಗೆಮನೆಯು ಸಪಕ್ಷ, ಬೆಂಕಿ ಇಲ್ಲದಿರುವುದು ಅಷ್ಟೇ ಖಚಿತವಾಗಿರುವ ಜಾಗವು ವಿಪಕ್ಷ. 17ನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ದಂಥ ಪಾಠಗ್ರಂಥಗಳು ವಿಪಕ್ಷಕ್ಕೆ ಕೊಡುವ ಉದಾಹರಣೆ ಮಹಾಹ್ರದ, ಅಂದರೆ ದೊಡ್ಡ ಕೆರೆ. ನೀರು ತುಂಬಿದ ಕೆರೆಯಲ್ಲಿ ಬೆಂಕಿ ಇರಲಾರದೆಂಬುದನ್ನು ಎಂಥ ಮೊಂಡುವಾದಿಯೂ ಅಲ್ಲಗಳೆಯಲಾರನೆಂಬ ಭರವಸೆಯ ಮೇಲೆಯೇ ಆ ಉದಾಹರಣೆ ತಲೆಮಾರುಗಳ ಕಾಲ ಬಾಳಿತು.

ಬೆಂಗಳೂರಿನ ಹೊರವರ್ತುಲ ರಸ್ತೆಯ ಮಗ್ಗುಲಲ್ಲಿರುವ ಬೆಳ್ಳಂದೂರು ಅಮಾನಿಕೆರೆ ಆ ಭರವಸೆಯನ್ನು ಕೆಡಿಸಿತು. ಸುಮಾರು 900 ಎಕರೆಯ ಈ ಕೆರೆಯಲ್ಲಿ 2015ರ ಮೇ ತಿಂಗಳಲ್ಲಿ ನೊರೆಗೇ ಬೆಂಕಿ ಹತ್ತಿಕೊಂಡಿತು. 2017ರ ಫೆಬ್ರವರಿ 16ರಂದು ಕೆರೆಯ ಮೇಲೆ ಎದ್ದ ದಟ್ಟ ಹೊಗೆ ಸುತ್ತಲಿನ ಬಡಾವಣೆಗಳನ್ನು ಕವಿಯಿತು. 2018ರ ಜನವರಿ 19ರಂದು ಹೊತ್ತಿದ ಬೆಂಕಿಯನ್ನು ಆರಿಸಲು ಅಗ್ನಿಶಾಮಕ ದಳದವರ ಜೊತೆಗೆ ಸೇನೆಯ ಸೈನಿಕರೂ ಇಳಿಯಬೇಕಾಯಿತು. ಇದರಿಂದ ತರ್ಕಶಾಸ್ತ್ರವೇ ಸುಳ್ಳಾಯಿತೆಂದು ಹೇಳುವುದು ಆತುರದ ಮಾತು. ಹೊಗೆ ಇರುವಲ್ಲಿ ಬೆಂಕಿ ಇರುತ್ತದೆ ಎಂಬ ವ್ಯಾಪ್ತಿಗೆ ಬೆಳ್ಳಂದೂರಿನಲ್ಲಿ ಕೂದಲಷ್ಟೂ ಧಕ್ಕೆಯಾಗಲಿಲ್ಲ. ಅಲ್ಲಿ ಹೊಗೆಯೂ ಇತ್ತು, ಬೆಂಕಿಯೂ ಇತ್ತು. ಸೋತದ್ದು ನಿಯಮವಲ್ಲ, ಉದಾಹರಣೆ: ವಿಪಕ್ಷದ ಪಟ್ಟಿಯಲ್ಲಿ ಕಣ್ಣುಮುಚ್ಚಿ ಸೇರಿಸಿದ್ದ ವಸ್ತುವೊಂದು ಯಾರಿಗೂ ತಿಳಿಸದೆ ಪಕ್ಷದ ಸಾಲಿಗೆ ಬಂದು ಕುಳಿತಿತ್ತು. ಪರೀಕ್ಷೆಯೇ ಬೇಡವೆಂದು ಬಿಟ್ಟಿದ್ದ ಕಡೆಯಲ್ಲೇ ತಪ್ಪು ಅಡಗಿರುವ ಈ ಬಗೆಯು ತರ್ಕದ ಪುಸ್ತಕಕ್ಕಿಂತ ಹೆಚ್ಚಾಗಿ ಪತ್ತೇದಾರಿ ಕಥೆಗೆ ಹತ್ತಿರವಾದದ್ದು.

ಯಮಲೂರಿನ ಕಡೆಯ ಕೋಡಿಯಲ್ಲಿ ನಿಂತು ನೋಡಿದವರಿಗೆ ತೊಡಕು ಇನ್ನೂ ಒಂದು ಹೆಜ್ಜೆ ಮುಂದಿರುವುದು ಗೊತ್ತಾಗುತ್ತಿತ್ತು. ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗಲು ಬಿಟ್ಟ ದಾರಿ. ಅಲ್ಲಿ ನೀರು ಧುಮುಕುವ ರಭಸಕ್ಕೆ ಮಾರ್ಜಕದ ರಾಸಾಯನಿಕಗಳು ಕಡೆದಂತಾಗಿ ಬಿಳಿಯ ನೊರೆ ಆಳೆತ್ತರ ಮೇಲೆದ್ದು, ತಡೆಗೆಂದು ಕಟ್ಟಿದ ಬಲೆಯನ್ನೂ ದಾಟಿ, ಗಾಳಿ ಬಂದಾಗ ಮುದ್ದೆಮುದ್ದೆಯಾಗಿ ರಸ್ತೆಗೆ ಹಾರಿ, ದ್ವಿಚಕ್ರ ವಾಹನದವರ ತೋಳಿಗೂ ಹೆಲ್ಮೆಟ್ಟಿನ ಗಾಜಿಗೂ ಮೆತ್ತಿಕೊಳ್ಳುತ್ತಿತ್ತು. ದೂರದಿಂದ ಅದನ್ನು ಹೊಗೆಯೆಂದೂ ಮಂಜೆಂದೂ ತಿಳಿಯಲು ಅಡ್ಡಿಯಿರಲಿಲ್ಲ. ಕೆರೆಯಿಂದೇಳುವ ಹಬೆಯನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸುವವನ ಪ್ರಸಂಗ ತಾರ್ಕಿಕರಿಗೆ ಹಳೆಯದು. ಅಲ್ಲಿ ಹೇತುವೇ, ಅಂದರೆ ಊಹೆಗೆ ಆಧಾರವಾದ ಗುರುತೇ, ಇಲ್ಲದ್ದು. ಬೆಳ್ಳಂದೂರಿನಲ್ಲಾದರೋ ಹೊಗೆಯಂತೆ ಕಂಡ ಆ ನೊರೆ ಹೊಗೆಯಲ್ಲದಿದ್ದರೂ ಅದರ ಕೆಳಗೆ ಉರಿಯಬಲ್ಲ ಅನಿಲವಿತ್ತು. ತಪ್ಪು ಗುರುತಿನಿಂದ ಹೊರಟವನೂ ಕೆಲವೊಮ್ಮೆ ಸರಿಯಾದ ಮನೆ ಬಾಗಿಲಿಗೇ ಬಂದು ನಿಲ್ಲುತ್ತಾನೆ. ಆದರೆ ಹಾಗೆ ಬಂದವನಿಗೆ ಜ್ಞಾನವಾಯಿತೆನ್ನಬಹುದೇ ಎಂಬುದು ತತ್ತ್ವಶಾಸ್ತ್ರದ ನಿಜವಾದ ಪ್ರಶ್ನೆ.

ಇಲ್ಲಿ ಕನ್ನಡದ ಒಂದು ಪದ ತಾನಾಗಿಯೇ ನೆರವಿಗೆ ಬರುತ್ತದೆ. ಶಾಸ್ತ್ರದಲ್ಲಿ ಅನುಮಾನವೆಂದರೆ ಗುರುತಿನ ಬಲದಿಂದ ಕಾಣದ ವಸ್ತುವನ್ನು ನಿಶ್ಚಯವಾಗಿ ತಿಳಿಯುವ ಸಾಧನ, ಅಂದರೆ ಪ್ರಮಾಣ. ಬೀದಿಯ ಕನ್ನಡದಲ್ಲಿ ಅನುಮಾನವೆಂದರೆ ಸಂಶಯ. ‘ಅವನ ಮೇಲೆ ಅನುಮಾನ’ ಎಂದರೆ ನಿಶ್ಚಯವಿಲ್ಲ ಎಂದೇ ಅರ್ಥ. ಒಂದೇ ಪದ ನಿಶ್ಚಯಕ್ಕೂ ಅನಿಶ್ಚಯಕ್ಕೂ ಸಲ್ಲುವ ಈ ವಿಚಿತ್ರ ಸ್ಥಿತಿಯಲ್ಲೇ ಪತ್ತೇದಾರನ ಬದುಕು ನಡೆಯುತ್ತದೆ: ಬೀದಿಯ ಅನುಮಾನದಿಂದ ಹೊರಟು ಶಾಸ್ತ್ರದ ಅನುಮಾನವನ್ನು ತಲುಪುವುದು ಅವನ ಕಸುಬು. ಆ ದಾರಿಯನ್ನು ಒಬ್ಬನೇ ನಡೆಯಬಲ್ಲನೇ, ಇಲ್ಲವೇ ಹೆಜ್ಜೆಗೆ ಹೆಜ್ಜೆ ಕೂಡದ ಇನ್ನೊಬ್ಬನು ಜೊತೆಗಿರಲೇಬೇಕೇ ಎಂಬುದು ಈ ಲೇಖನದ ವಿಚಾರ.

ಕನ್ನಡದಲ್ಲಿ ಪತ್ತೇದಾರಿಯ ಓದು ಬೇರೂರಿದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಂಥ ಪಾತ್ರಗಳಿಂದ ಮತ್ತು ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರ ಕಾದಂಬರಿಗಳಿಂದ, ತೆರೆಯ ಮೇಲೆ ಅದಕ್ಕೆ ಮೆರುಗು ಬಂದದ್ದು 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆಗಿ ಕಾಣಿಸಿಕೊಂಡಾಗ. ಅವರೆಲ್ಲ ಬಹುಮಟ್ಟಿಗೆ ಒಂಟಿ ಧೀರರು. ಅರ್ಧ ಶತಮಾನದ ನಂತರ, 2019ರಲ್ಲಿ, ಹಿಂದಿನ ಕಾಲದ ಉಡುಗೆ, ಸಂಗೀತ, ಬಣ್ಣಗಳನ್ನು ಬೇಕೆಂದೇ ಮರಳಿ ತರುವ ರೆಟ್ರೋ ಶೈಲಿಯಲ್ಲೋ, ಹಳೆಯ ಪಾಪದ ನೆರಳು ಇಂದಿನ ಮೇಲೆ ಚಾಚಿಕೊಳ್ಳುವ ನ್ವಾರ್ ಶೈಲಿಯಲ್ಲೋ ಮೂರು ಕನ್ನಡ ಚಿತ್ರಗಳು ಬಂದವು. ನ್ವಾರ್ ಎಂದರೆ ಫ್ರೆಂಚ್ ಭಾಷೆಯಲ್ಲಿ ಕಪ್ಪು. 1940ರ ದಶಕದ ಅಮೆರಿಕದ ಅಪರಾಧ ಚಿತ್ರಗಳನ್ನು ನೋಡಿದ ಫ್ರೆಂಚ್ ವಿಮರ್ಶಕರು 1946ರಲ್ಲಿ ಕೊಟ್ಟ ಹೆಸರು ಅದು. ಫೆಬ್ರವರಿ 15ರಂದು ಜಯತೀರ್ಥ ನಿರ್ದೇಶನದ ‘ಬೆಲ್ ಬಾಟಂ’, ಏಪ್ರಿಲ್ 12ರಂದು ಹೇಮಂತ್ ಎಂ. ರಾವ್ ನಿರ್ದೇಶನದ ‘ಕವಲುದಾರಿ’, ಡಿಸೆಂಬರ್ 27ರಂದು ಸಚಿನ್ ರವಿ ನಿರ್ದೇಶನದ ‘ಅವನೇ ಶ್ರೀಮನ್ನಾರಾಯಣ’ ತೆರೆಕಂಡವು. ಮೂರರಲ್ಲೂ ಅಚ್ಯುತ್ ಕುಮಾರ್ ಇದ್ದಾರೆಂಬುದನ್ನು ಕಾಕತಾಳೀಯವೆಂದು ಬಿಡಬಹುದು. ಆದರೆ ನಾಯಕನ ಹಾರಾಟಕ್ಕೆ ಪಕ್ಕದಲ್ಲೇ ನಿಂತು ನೆಲದ ತೂಕ ಕೊಡುವ ನಟನೊಬ್ಬನು ಆ ವರ್ಷ ಕನ್ನಡ ಪತ್ತೇದಾರಿಗೆ ಇಷ್ಟು ಬೇಕಾದನೆಂಬುದು ಗಮನಿಸತಕ್ಕ ಸಂಗತಿಯೇ.

‘ಬೆಲ್ ಬಾಟಂ’ ನಡೆಯುವುದು 1980ರ ದಶಕದಲ್ಲಿ. ಟಿ. ಕೆ. ದಯಾನಂದ್ ಅವರ ಕಥೆಯ ಈ ಚಿತ್ರದಲ್ಲಿ ಪತ್ತೇದಾರನಾಗುವ ಕನಸು ಕಂಡು ಪೊಲೀಸ್ ಪೇದೆಯಾಗುವ ದಿವಾಕರನಿಗೆ (ರಿಷಬ್ ಶೆಟ್ಟಿ) ಒಪ್ಪಿಸುವ ಪ್ರಕರಣ ಪೊಲೀಸ್ ಠಾಣೆಗಳಲ್ಲೇ ನಡೆಯುವ ಕಳವು. ಕಳವಾದ ಮಾಲನ್ನು ತಂದಿಡುವ ಜಾಗದಲ್ಲಿಯೇ ಕಳವು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ಕನ್ನಡಿಗರು ಒಂದೇ ಗಾದೆಯಲ್ಲಿ ಮುಗಿಸಿಬಿಡುವ ಈ ಸನ್ನಿವೇಶವು ತರ್ಕದ ಕಣ್ಣಿಗೆ ಬೆಳ್ಳಂದೂರು ಕೆರೆಯ ಅಣ್ಣತಮ್ಮನಂತಿದೆ. ಕಳ್ಳತನ ಎಲ್ಲೆಲ್ಲಿ ಇರಬಹುದೆಂದು ಪಟ್ಟಿ ಮಾಡುವವನು ಠಾಣೆಯನ್ನು ವಿಪಕ್ಷವೆಂದು ಮೊದಲೇ ಬದಿಗಿಡುತ್ತಾನೆ. ಕಳ್ಳನಿಗೆ ಅದಕ್ಕಿಂತ ಒಳ್ಳೆಯ ಅಡಗುತಾಣವಿಲ್ಲ. ಪ್ರೇಕ್ಷಕ ನಗುವುದು ಈ ತಿರುವುಮುರುವಿಗೆ.

ನಗುವಿಗೂ ತರ್ಕದೋಷಕ್ಕೂ ಇರುವ ನಂಟನ್ನು ಭಾರತೀಯ ಚಿಂತನೆ ಒಂದೇ ಪದದಲ್ಲಿ ಹಿಡಿದಿಟ್ಟಿದೆ. ಆ ಪದ ‘ಆಭಾಸ’, ಅಂದರೆ ಇರುವಂತೆ ತೋರಿ ಇಲ್ಲದಿರುವುದು. ತರ್ಕದಲ್ಲಿ ಹೇತ್ವಾಭಾಸವೆಂದರೆ ಕಾರಣದಂತೆ ಕಂಡು ಕಾರಣವಲ್ಲದ್ದು. ಕಾವ್ಯಮೀಮಾಂಸೆಯಲ್ಲಿ ರಸಾಭಾಸವೆಂದರೆ ಅನುಚಿತ ನೆಲೆಯಲ್ಲಿ ಹುಟ್ಟಿ ರಸದಂತೆ ತೋರುವ ಭಾವ. ಸುಮಾರು ಸಾವಿರ ವರ್ಷ ಹಿಂದಿನ ಕಾಶ್ಮೀರದ ಅಭಿನವಗುಪ್ತನು ನಾಟ್ಯಶಾಸ್ತ್ರವನ್ನು ವ್ಯಾಖ್ಯಾನಿಸುತ್ತ, ಅನೌಚಿತ್ಯದಿಂದ ಹುಟ್ಟುವ ಆಭಾಸವೇ ಹಾಸ್ಯದ ಮೂಲವೆಂದು, ಯಾವ ರಸವಾದರೂ ಆಭಾಸವಾದಾಗ ನಗೆಗೆ ಎಡೆಮಾಡಿಕೊಡುತ್ತದೆಂದು ವಾದಿಸಿದನು. ವಿಕೃತ ವೇಷವೂ ಹಾಸ್ಯಕ್ಕೆ ಕಾರಣವೆಂದು ಭರತನು ಮೊದಲೇ ಹೇಳಿದ್ದನು; ಮಂಡಿಯ ಕೆಳಗೆ ಗಂಟೆಯಂತೆ ಅರಳುವ ಪ್ಯಾಂಟನ್ನು ತೊಟ್ಟು ಗಂಭೀರವಾಗಿ ಜಾಡು ಹಿಡಿಯುವವನನ್ನು ಭರತನು ಕಂಡಿದ್ದರೆ ಇನ್ನೊಂದು ಉದಾಹರಣೆ ಸೇರಿಸಿಕೊಳ್ಳುತ್ತಿದ್ದನೇನೋ. ಆದರೆ ಪತ್ತೇದಾರಿ ಹಾಸ್ಯದಲ್ಲಿ ವೇಷಕ್ಕಿಂತ ಆಳವಾದ ಆಭಾಸವೆಂದರೆ ಹೇತುವಿನದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನೇ ತೆಗೆದುಕೊಳ್ಳಬಹುದು. ಹೆಗಲು ಮುಟ್ಟಿದ್ದು ಹೇತು, ಕಳ್ಳನಾಗಿರುವುದು ಸಾಧ್ಯ, ಅಂದರೆ ಸಾಧಿಸಬೇಕಾದ ವಿಷಯ. ಊರವರೆಲ್ಲ ಅನುಭವದಿಂದ ಒಪ್ಪಿದ ಈ ಊಹೆಯು ಶಾಸ್ತ್ರದ ಕೈಯಲ್ಲಿ ಒಂದು ಗಳಿಗೆಯೂ ನಿಲ್ಲದು; ನಿರಪರಾಧಿಯೂ ಭಯದಿಂದ ಹೆಗಲು ಮುಟ್ಟಬಹುದು, ಸೊಳ್ಳೆ ಕಡಿದರೂ ಮುಟ್ಟಬಹುದು. ಸಾಧ್ಯವಿಲ್ಲದ ಕಡೆಯಲ್ಲೂ ಕಾಣಿಸಿಕೊಳ್ಳುವ ಇಂಥ ಹೇತುವಿಗೆ ಸವ್ಯಭಿಚಾರ ಎಂದು ಹೆಸರು. ತೆರೆಯ ಮೇಲಿನ ಪೇದೆಯೊಬ್ಬನು ಹೆಗಲು ಮುಟ್ಟಿದವರನ್ನೆಲ್ಲ ಹಿಡಿದುಕೊಂಡು ಬಂದರೆ ಅದು ಹಾಸ್ಯ. ನಿಜದ ಠಾಣೆಯಲ್ಲಿ ಅದೇ ನಡೆದರೆ ಹಾಸ್ಯವಲ್ಲವೆಂಬುದು ಬೇರೆ ಮಾತು.

ಕತ್ತಲೆಯ ಪತ್ತೇದಾರಿಗೆ ಬೇಕಾದ ಇನ್ನೊಂದು ಸಲಕರಣೆಯನ್ನು ಒದಗಿಸಿದವರು ಮೀಮಾಂಸಕರು. ದಪ್ಪಗಿರುವ ದೇವದತ್ತನು ಹಗಲಿನಲ್ಲಿ ಉಣ್ಣುವುದಿಲ್ಲ. ಹಾಗಾದರೆ ಅವನು ರಾತ್ರಿ ಉಣ್ಣುತ್ತಿರಲೇಬೇಕು. ಎರಡು ತಿಳಿದ ಸಂಗತಿಗಳು ಒಂದಕ್ಕೊಂದು ಹೊಂದದೆ ಹೋದಾಗ ಅವನ್ನು ಹೊಂದಿಸುವ ಮೂರನೆಯದನ್ನು ಕಲ್ಪಿಸುವ ಈ ಬಗೆಗೆ ಅರ್ಥಾಪತ್ತಿ ಎಂದು ಹೆಸರು. ಭಾರತೀಯ ದರ್ಶನಗಳಲ್ಲಿ ಇದಕ್ಕಿಂತ ಪತ್ತೇದಾರಿ ಗುಣದ ಉದಾಹರಣೆ ಇನ್ನೊಂದಿಲ್ಲ. ಇದರಲ್ಲಿ ಶಂಕಿತನಿದ್ದಾನೆ, ರಾತ್ರಿಯಿದೆ, ಗುಟ್ಟಿದೆ, ಸ್ವಲ್ಪ ನಗುವೂ ಇದೆ. ಇಲ್ಲದಿರುವುದನ್ನು ಇಲ್ಲವೆಂದೇ ತಿಳಿಯುವ ಅನುಪಲಬ್ಧಿಯೂ ಹೀಗೆಯೇ ಬಳಕೆಗೆ ಬರುತ್ತದೆ. 1892ರಲ್ಲಿ ಆರ್ಥರ್ ಕಾನನ್ ಡಾಯ್ಲ್ ಬರೆದ ಕಥೆಯೊಂದರಲ್ಲಿ ರಾತ್ರಿ ನಾಯಿ ಬೊಗಳಲಿಲ್ಲವೆಂಬುದರಿಂದಲೇ ಷರ್ಲಾಕ್ ಹೋಮ್ಸ್ ಬಂದವನು ಪರಿಚಿತನೆಂದು ಕಂಡುಹಿಡಿಯುತ್ತಾನೆ. ಬೆಳ್ಳಂದೂರಿನ ಬಳಿ ಹಿಂದೆ ತೂಬು ನೋಡಿಕೊಳ್ಳುತ್ತಿದ್ದ ನೀರುಗಂಟಿಯಂಥವನಿಗೆ, ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ಹೊಣೆ ಹೊತ್ತವನಿಗೆ, ಮೀನು ಕಾಣದಿರುವುದೂ ಕಪ್ಪೆಯ ಸದ್ದಿಲ್ಲದಿರುವುದೂ ಸಾಕ್ಷ್ಯವೇ ಆಗಿರುತ್ತಿದ್ದವು. ಆ ಹುದ್ದೆ ಹೋದ ಮೇಲೆ ಆ ಸಾಕ್ಷ್ಯವನ್ನು ದಾಖಲಿಸಿಕೊಳ್ಳುವವರೂ ಹೋದರು.

ಈಗ ಜೋಡಿಯ ವಿಚಾರಕ್ಕೆ ಬರಬೇಕು. ‘ಕವಲುದಾರಿ’ಯಲ್ಲಿ ಅಪರಾಧ ವಿಭಾಗಕ್ಕೆ ಸೇರುವ ಹಂಬಲವಿರುವ ಟ್ರಾಫಿಕ್ ಪೊಲೀಸ್ ಶ್ಯಾಮ್ (ರಿಷಿ) ಇದ್ದಾನೆ, ನೆಲ ಅಗೆದಾಗ ಸಿಕ್ಕ ಮೂಳೆಗಳ ಹಿಂದೆ ಬೀಳುವವನು ಅವನು. ಅವನಿಗೆ ಎದುರಾಗುವವನು ದಶಕಗಳ ಹಿಂದೆ ಅದೇ ಪ್ರಕರಣದಲ್ಲಿ ಸೋತು, ನಿವೃತ್ತನಾಗಿ, ಕುಡಿತದಲ್ಲಿ ಮುಳುಗಿದ ಮುತ್ತಣ್ಣ (ಅನಂತ್ ನಾಗ್). ಒಬ್ಬನಿಗೆ ತಾಳ್ಮೆಯಿಲ್ಲ, ಇನ್ನೊಬ್ಬನಿಗೆ ಭರವಸೆಯಿಲ್ಲ. ಒಬ್ಬನ ಬಳಿ ಹೊಸ ಸುಳಿವಿದೆ, ಇನ್ನೊಬ್ಬನ ಬಳಿ ಹಳೆಯ ನೋವಿದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂದು ಕನ್ನಡದ ಗಾದೆ ಇಂಥ ಜೋಡಿಯನ್ನು ನಗೆಯಾಡುತ್ತದೆ. ಗಾದೆಯ ಪ್ರಕಾರ ಇದರಿಂದ ಉಳುಮೆ ಸಾಗದು. ಆದರೆ ನ್ಯಾಯದರ್ಶನದ ಪ್ರಕಾರ ಜ್ಞಾನದ ಉಳುಮೆ ಸಾಗುವುದೇ ಹೀಗೆ. ಗೌತಮನ ‘ನ್ಯಾಯಸೂತ್ರ’ವು ಹದಿನಾರು ಪದಾರ್ಥಗಳನ್ನು, ಅಂದರೆ ವಿಚಾರಕ್ಕೆ ಬೇಕಾದ ತತ್ತ್ವಗಳನ್ನು, ಎಣಿಸುತ್ತದೆ, ಅವುಗಳಲ್ಲಿ ಸಂಶಯವೂ ದೃಷ್ಟಾಂತವೂ ತರ್ಕವೂ ನಿರ್ಣಯವೂ ಇವೆ. ನಿರ್ಣಯವನ್ನು ಗೌತಮನು ವಿವರಿಸುವ ರೀತಿ ಗಮನಾರ್ಹ: ಪಕ್ಷ ಮತ್ತು ಪ್ರತಿಪಕ್ಷಗಳೆರಡರ ಮೂಲಕ ವಿಮರ್ಶಿಸಿ ವಸ್ತುವನ್ನು ನಿಶ್ಚಯಿಸುವುದೇ ನಿರ್ಣಯ. ಎದುರು ನಿಂತು ಇಲ್ಲವೆನ್ನುವ ನೆಲೆಯೊಂದು ಅವನ ಲಕ್ಷಣದಲ್ಲೇ ಅಡಕವಾಗಿದೆ.

ಎದುರು ನಿಂತವರೆಲ್ಲ ಒಂದೇ ಬಗೆಯವರಲ್ಲ. ಸತ್ಯವನ್ನು ತಿಳಿಯಬೇಕೆಂಬ ಉದ್ದೇಶದಿಂದ ನಡೆಯುವ ಚರ್ಚೆ ವಾದ. ಗೆಲ್ಲುವ ಹಟದಿಂದ ನಡೆಯುವುದು ಜಲ್ಪ. ತನ್ನದೆಂದು ಏನನ್ನೂ ಸ್ಥಾಪಿಸದೆ ಎದುರಾಳಿಯದನ್ನು ಕೆಡವುವುದಷ್ಟೇ ವಿತಂಡ. ಬಹುತೇಕ ಪತ್ತೇದಾರಿ ಜೋಡಿಗಳ ಕಥೆಯನ್ನು ಈ ಮೂರರ ನಡುವಿನ ಪಯಣವೆಂದು ಓದಬಹುದು. ಮೊದಲ ಭೇಟಿಯಲ್ಲಿ ಹಿರಿಯನು ವಿತಂಡವಾದಿ, ಕಿರಿಯನು ಏನು ಹೇಳಿದರೂ ಮುರಿದುಹಾಕುತ್ತಾನೆ; ನಡುವೆ ಜಲ್ಪ, ಇಬ್ಬರಿಗೂ ಗೆಲ್ಲುವ ಚಟ; ಕಥೆ ಮುಗಿಯುವ ಹೊತ್ತಿಗೆ, ಇಬ್ಬರಿಗೂ ತಿಳಿಯದಂತೆಯೇ, ವಾದ. ಇಬ್ಬರ ಹೇತುಗಳೂ ಸಮಬಲದವಾಗಿ ಒಂದನ್ನೊಂದು ತಡೆದು ನಿಲ್ಲಿಸುವ ಗಳಿಗೆಯೊಂದು ನಡುವೆ ಬರುತ್ತದೆ. ಶಾಸ್ತ್ರವು ಅದನ್ನು ಸತ್ಪ್ರತಿಪಕ್ಷವೆಂಬ ದೋಷದ ಲೆಕ್ಕಕ್ಕೆ ಹಾಕುತ್ತದೆ. ತನಿಖೆಯ ಮಟ್ಟಿಗೆ ಅದನ್ನು ದೋಷವೆನ್ನಲಾಗದು. ಅಲ್ಲಿ ಕಾಲು ಕಟ್ಟಿದಂತಾಗಿ ನಿಂತವನೇ ಮತ್ತೆ ಮೂಳೆ ಸಿಕ್ಕ ಗುಂಡಿಯ ಬಳಿಗೆ ಹೋಗುತ್ತಾನೆ.

ಇದರ ಹಿಂದಿರುವ ದಾರ್ಶನಿಕ ವಿವಾದ ದೊಡ್ಡದು, ಮತ್ತು ಅದರಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಹುಟ್ಟಿದ ಜ್ಞಾನವು ಸರಿಯಾದದ್ದೆಂಬುದು ತಿಳಿಯುವುದು ಅದರೊಳಗಿನಿಂದಲೇ ಅಥವಾ ಹೊರಗಿನಿಂದಲೇ? ಹೊರಗಿನಿಂದ ಎನ್ನುವ ನೈಯಾಯಿಕರ ಮತಕ್ಕೆ ಪರತಃ ಪ್ರಾಮಾಣ್ಯ, ಒಳಗಿನಿಂದಲೇ ಎನ್ನುವ ಮೀಮಾಂಸಕರ ಮತ್ತು ವೇದಾಂತಿಗಳ ಮತಕ್ಕೆ ಸ್ವತಃ ಪ್ರಾಮಾಣ್ಯ ಎಂದು ಹೆಸರು. ಮಧ್ವಾಚಾರ್ಯರ ದ್ವೈತದಲ್ಲಿ ಈ ಎರಡನೆಯ ಮತಕ್ಕೆ ಒಂದು ವಿಶಿಷ್ಟ ರೂಪವಿದೆ: ಆತ್ಮಸ್ವರೂಪವೇ ಆದ ಇಂದ್ರಿಯವೊಂದಿದೆ, ಅದರ ಹೆಸರು ಸಾಕ್ಷಿ, ಸುಖದುಃಖಗಳನ್ನೂ ಕಾಲವನ್ನೂ ಜ್ಞಾನದ ನಿಜತ್ವವನ್ನೂ ಗ್ರಹಿಸುವುದು ಅದೇ, ಮತ್ತು ಅದು ಎಂದೂ ತಪ್ಪದು. 14ನೆಯ ಶತಮಾನದ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ದ್ವೈತದ ಪ್ರಮಾಣ ವಿಚಾರವನ್ನು ಅಡಕವಾಗಿ ನಿರೂಪಿಸಿದರು; ವಿಜಯನಗರದ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ನೈಯಾಯಿಕರನ್ನು ಅವರ ಅಂಗಳದಲ್ಲೇ ಎದುರಿಸಿದರು. (‘ಬೆಲ್ ಬಾಟಂ’ ನಿರ್ದೇಶಕರ ಹೆಸರೂ ಜಯತೀರ್ಥ ಎಂಬುದರಿಂದ ಏನನ್ನಾದರೂ ಊಹಿಸಹೊರಟರೆ ಅದು ಹೇತ್ವಾಭಾಸ.)

ದ್ವೈತಿಗಳ ಆಕ್ಷೇಪ ತೀಕ್ಷ್ಣವಾದದ್ದು. ಶ್ಯಾಮ್‌ನ ಊಹೆಯನ್ನು ಮುತ್ತಣ್ಣ ಪರೀಕ್ಷಿಸುವುದಾದರೆ, ಮುತ್ತಣ್ಣನದನ್ನು ಪರೀಕ್ಷಿಸುವವರಾರು? ಮೂರನೆಯವನು ಬಂದರೆ ಅವನಿಗೂ ನಾಲ್ಕನೆಯವನು ಬೇಕು. ಕೊನೆಯಿಲ್ಲದ ಈ ಸರಣಿಗೆ ಅನವಸ್ಥೆ ಎಂದು ಹೆಸರು. ಎಲ್ಲೋ ಒಂದು ಕಡೆ ಮನಸ್ಸು ತಾನಾಗಿ ಒಪ್ಪಿ ನಿಲ್ಲಲೇಬೇಕು, ಆ ನಿಲುಗಡೆಯೇ ಸಾಕ್ಷಿ. ಇದಕ್ಕೆ ನೈಯಾಯಿಕರ ಉತ್ತರ ಸರಳ: ಜ್ಞಾನವನ್ನು ನಂಬಿ ಮಾಡಿದ ಕೆಲಸ ಫಲಿಸಿದರೆ ಸಾಕು. ದೂರದಲ್ಲಿ ನೀರು ಕಂಡಿತೆಂದು ಹೋದವನು ಅದನ್ನು ಕುಡಿದು ಬಾಯಾರಿಕೆ ತೀರಿದರೆ, ಅದು ಬಿಸಿಲ್ಗುದುರೆಯಲ್ಲವೆಂಬುದಕ್ಕೆ ಮತ್ತೊಂದು ಪ್ರಮಾಣ ಬೇಡ. ಎರಡರಲ್ಲಿ ದ್ವೈತದ ಉತ್ತರವೇ ತರ್ಕಕ್ಕೆ ಹೆಚ್ಚು ಬಿಗಿಯಾಗಿದೆಯೆಂದು ಒಪ್ಪಬೇಕಾಗುತ್ತದೆ. ಆದರೆ ಪತ್ತೇದಾರನ ಮಟ್ಟಿಗೆ ಅದು ಅಪಾಯಕಾರಿ. ತಪ್ಪು ಮನುಷ್ಯನನ್ನು ಹಿಡಿದವನ ಒಳಗೂ ಅಷ್ಟೇ ದೃಢವಾದ ಒಪ್ಪಿಗೆಯೊಂದು ಮಾತನಾಡುತ್ತಿರುತ್ತದೆ. ಅದು ಸಾಕ್ಷಿಯಲ್ಲ, ಬರಿಯ ಮನಸ್ಸಿನ ನಿಶ್ಚಯವೆಂದು ದ್ವೈತಿ ಹೇಳಿಯಾನು, ಆದರೆ ಎರಡರ ವ್ಯತ್ಯಾಸವು ಆ ಕ್ಷಣದಲ್ಲಿ ಆ ಮನುಷ್ಯನಿಗೆ ಗೊತ್ತಾಗುವುದು ಪಕ್ಕದವನು ನಕ್ಕಾಗ ಮಾತ್ರ. ಸಂಶಯ ಬಂದಾಗ ಪರೀಕ್ಷೆ ನಡೆಯಬೇಕೆಂದು ದ್ವೈತಿಗಳೂ ಒಪ್ಪುತ್ತಾರೆ. ಸಂಶಯವೇ ಬಾರದವನಿಗೆ ಅದನ್ನು ತಂದುಕೊಡುವ ಕೆಲಸ ಹೊಂದದ ಜೊತೆಗಾರನದು. ಹೊಂದುವ ಜೊತೆಗಾರನು ತಲೆಯಾಡಿಸಿ ಸುಮ್ಮನಾಗುತ್ತಾನೆ.

ಕುಡಿದು ನೋಡಿ ನೀರೆಂದು ತಿಳಿಯಬೇಕೆಂಬ ಪರೀಕ್ಷೆಯನ್ನು ಬೆಳ್ಳಂದೂರಿಗೆ ಒಡ್ಡಿದರೆ ಏನಾಗುತ್ತದೆಂಬುದನ್ನು ಹೇಳಬೇಕಿಲ್ಲ. ಅಲ್ಲಿನ ತನಿಖೆಯಾದರೂ ಜೋಡಿಯ ಜಗಳದಂತೆಯೇ ನಡೆಯಿತು. ಒಣಗಿದ ಹುಲ್ಲಿಗೋ ದಂಡೆಯ ಕಸಕ್ಕೋ ಯಾರೋ ಬೆಂಕಿಯಿಟ್ಟರೆಂಬುದು ಒಂದು ಕಡೆಯ ಮಾತು. ನಗರದ ಕೊಳಚೆ ಸಂಸ್ಕರಣೆಯಿಲ್ಲದೆ ಬಂದು ತಳದಲ್ಲಿ ಕೊಳೆತು ಮೀಥೇನ್ ಹುಟ್ಟಿಸಿತು, ಮಾರ್ಜಕಗಳ ನೊರೆ ಅದನ್ನು ಹಿಡಿದಿಟ್ಟಿತು ಎಂಬುದು ಇನ್ನೊಂದು ಕಡೆಯ ಮಾತು. ಭಾರತೀಯ ಕಾರಣಮೀಮಾಂಸೆಯಲ್ಲಿ ಎರಡೂ ಏಕಕಾಲಕ್ಕೆ ನಿಲ್ಲಬಲ್ಲವು. ಕಡ್ಡಿ ಗೀರಿದವನು ನಿಮಿತ್ತಕಾರಣ. ಆದರೆ ಫಲವನ್ನು ಹುಟ್ಟಿಸುವುದು ಸಾಮಗ್ರಿ, ಅಂದರೆ ಎಲ್ಲ ಕಾರಣಗಳು ಒಂದೆಡೆ ಕೂಡಿದ ಸಮೂಹ. ಹಾಸ್ಯದ ಪತ್ತೇದಾರಿ ನಿಮಿತ್ತವನ್ನು ಹುಡುಕಿ, ಕಳ್ಳನನ್ನು ಹಿಡಿದು, ಹಾಡಿನೊಂದಿಗೆ ಮುಗಿಯುತ್ತದೆ. ನ್ವಾರ್ ಸಾಮಗ್ರಿಯ ಕಡೆಗೆ ಕಣ್ಣು ಹಾಯಿಸುತ್ತದೆ, ಮತ್ತು ಆ ಪಟ್ಟಿ ಬೆಳೆದಂತೆ ಪತ್ತೇದಾರನ ವಿಳಾಸವೂ ಅದರಲ್ಲಿ ಸೇರಿಕೊಳ್ಳುತ್ತದೆ. ರಾಜಕಾಲುವೆಗಳು, ಅಂದರೆ ಒಂದು ಕೆರೆಯಿಂದ ಇನ್ನೊಂದಕ್ಕೆ ಮಳೆನೀರು ಒಯ್ಯುವ ದೊಡ್ಡ ಕಾಲುವೆಗಳು, ಕೊಳಚೆ ಹೊತ್ತು ಹರಿಯತೊಡಗಿದ ಮೇಲೆ ಬಚ್ಚಲಿನ ನೀರು ಬಿಟ್ಟ ಪ್ರತಿ ಮನೆಯೂ ಈ ಪ್ರಕರಣದ ಕಡತದಲ್ಲಿರುತ್ತದೆ.

2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ಮತ್ತು ಬಿಬಿಎಂಪಿಗೆ 25 ಕೋಟಿ ರೂಪಾಯಿ ಕಟ್ಟುವಂತೆ ಆದೇಶಿಸಿ, ಕೆರೆಯ ಕೆಲಸಕ್ಕೆಂದು 500 ಕೋಟಿ ರೂಪಾಯಿಯನ್ನು ಪ್ರತ್ಯೇಕ ಖಾತೆಯಲ್ಲಿಡಲು ಹೇಳಿತು. ಉಸ್ತುವಾರಿಗೆ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ನೇತೃತ್ವದ ಸಮಿತಿ ನೇಮಕವಾಯಿತು. ಕಡ್ಡಿ ಗೀರಿದವನಿಗಾಗಿ ಕಾಯದೆ ಸಾಮಗ್ರಿಗೆ ದಂಡ ಹಾಕಿದ ಈ ಆದೇಶವನ್ನು ನೈಯಾಯಿಕನೊಬ್ಬನು ಮೆಚ್ಚಿಕೊಳ್ಳುತ್ತಿದ್ದನು. ನಂತರದ ವರ್ಷಗಳಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಕೆರೆಯ ನೀರನ್ನು ಬಸಿದು ಹೂಳೆತ್ತುವ ಕೆಲಸಕ್ಕೆ ತೊಡಗಿತು. ಜೆಸಿಬಿಗಳು ತಳಕ್ಕಿಳಿದು ದಶಕಗಳ ಕರಿಯ ಕೆಸರನ್ನು ಮೊಗೆದು ಟಿಪ್ಪರ್‌ಗಳಿಗೆ ತುಂಬುತ್ತಿದ್ದ ಆ ದಿನಗಳಲ್ಲಿ ಏರಿ ಇದ್ದಲ್ಲೇ ಇತ್ತು, ಕೋಣಕ್ಕೆ ಎಳೆಯಲು ನೀರಿರಲಿಲ್ಲ. ತರ್ಕದ ಪಾಠ ಹೇಳುವವರು ವಿಪಕ್ಷಕ್ಕೆ ಬೇರೊಂದು ಕೆರೆಯನ್ನು, ಸಾಧ್ಯವಾದರೆ ಊರಿನಿಂದ ಸ್ವಲ್ಪ ದೂರದ್ದನ್ನು, ಹುಡುಕಿಕೊಳ್ಳಬೇಕಾಗಿತ್ತು.